ಒಂದನೇ ತರಗತಿಯ ಮಗುವಿನ ಸಂಜೆ

ನನ್ನ ಮಗಳು ಉಡುಪಿಯ ಖಾಸಗಿ ಆಂಗ್ಲ ಮಾಧ್ಯಮ ಶಾಲೆಯೊಂದರಲ್ಲಿ ಒಂದನೇ ತರಗತಿ ಮುಗಿಸಿದ್ದಾಳೆ. ಜೂನ್ ಹತ್ತಿರವಾಗುತ್ತಿದ್ದಂತೆ, ಈ ವರ್ಷ ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸುತ್ತಿರುವ ಪರಿಚಿತರು ಶಾಲೆಯ ಬಗ್ಗೆ ವಿಚಾರಿಸಲು ಫೋನ್ ಮಾಡುತ್ತಾರೆ. ಶುಲ್ಕ, ವ್ಯಾನು, ಯೂನಿಫಾರ್ಮು ಇವೆಲ್ಲ ಮುಗಿದ ಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಲ್ಲಿ ಹೋಂವರ್ಕ್ ಎಲ್ಲ ಸರಿ ಕೊಡ್ತಾರಾ?" ದಿನವೂ ಕೊಡುತ್ತಾರೆ ಎಂದರೆ ಶಾಲೆ ಗಟ್ಟಿ ಎಂದೂ, ಕಡಿಮೆ ಎಂದರೆ ಶಾಲೆ ಸಡಿಲ ಎಂದೂ ಅವರು ತೀರ್ಮಾನಿಸುತ್ತಾರೆ. ಆರು ವರ್ಷದ ಮಗುವಿನ ಶಾಲೆಯನ್ನು ಅಳೆಯಲು ಇದಕ್ಕಿಂತ ತಪ್ಪು ಅಳತೆ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ನಿಯಮದ ಮಾತು, ಏಕೆಂದರೆ ಬಹಳಷ್ಟು ಪೋಷಕರಿಗೆ ಇಂಥದ್ದೊಂದು ನಿಯಮವಿದೆ ಎಂಬುದೇ ತಿಳಿದಿಲ್ಲ. 2018ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಬಾರದೆಂದು ಆದೇಶಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು ರಾಜ್ಯಗಳಿಗೆ ಸುತ್ತೋಲೆ ಕಳಿಸಿ, ಈ ಎರಡು ತರಗತಿಗಳಲ್ಲಿ ಹೋಂವರ್ಕ್ ಬೇಡವೆಂದೂ, ಭಾಷೆ ಮತ್ತು ಗಣಿತ ಬಿಟ್ಟು ಬೇರೆ ವಿಷಯಗಳನ್ನು ಕಲಿಸಬಾರದೆಂದೂ ಹೇಳಿತು. ಕರ್ನಾಟಕ ಸರ್ಕಾರವು 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಲ್ಲಿ ಈ ಮಕ್ಕಳ ಬ್ಯಾಗಿನ ತೂಕಕ್ಕೆ 1.5ರಿಂದ 2 ಕಿಲೋ ಮಿತಿ ಹಾಕಿತು. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯಂತೂ ಎರಡನೇ ತರಗತಿಯವರೆಗೆ ಹೋಂವರ್ಕೇ ಇರಕೂಡದು, ಮೂರರಿಂದ ಐದನೆಯ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಎಂದು ಸ್ಪಷ್ಟವಾಗಿ ಬರೆದಿದೆ.

ಆ ನೀತಿಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗವೆಂದರೆ, ಹೋಂವರ್ಕಿನ ಬದಲಿಗೆ ಅದು ಸೂಚಿಸುವ ಕೆಲಸ. ಬಹಳ ಹೊತ್ತು ಕುಳಿತು ಬರೆಯುವ ವಯಸ್ಸು ಈ ಮಕ್ಕಳದ್ದಲ್ಲ. ಹಿಂದಿನ ಸಂಜೆ ಮನೆಯಲ್ಲಿ ಹೇಗೆ ಕಳೆಯಿತು, ಏನಾಟ ಆಡಿದರು, ಏನು ತಿಂದರು ಎಂಬುದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳುವಂತೆ ಅವರನ್ನು ಪ್ರೋತ್ಸಾಹಿಸಬೇಕು ಎಂದು ಅದು ಹೇಳುತ್ತದೆ. ಅಂದರೆ ಶಾಲೆಯಿಂದ ಮನೆಗೆ ಬರೆಹದ ಹೊರೆ ಬರುವ ಬದಲು, ಮನೆಯಿಂದ ಶಾಲೆಗೆ ಮಾತು ಹೋಗಬೇಕು. ಇಷ್ಟು ಸರಳವಾದ, ಖರ್ಚಿಲ್ಲದ ಸಲಹೆಯನ್ನು ನಮ್ಮ ಶಾಲೆಗಳು ಏಕೆ ಕೈಗೆತ್ತಿಕೊಳ್ಳಲಿಲ್ಲ?

ಇದಕ್ಕೆ ಶಾಲೆಯನ್ನಷ್ಟೇ ದೂರಿದರೆ ನ್ಯಾಯವಾಗದು. ವರ್ಷದ ಮೊದಲ ಪೋಷಕರ ಸಭೆಯ ದಿನ ನಾನು ಈ ವಿಷಯವನ್ನು ಎತ್ತಿದಾಗ ತರಗತಿಯ ಟೀಚರ್ ಸ್ವಲ್ಪವೂ ಬೇಸರಿಸದೆ ಹೇಳಿದರು: "ನೀವು ಒಬ್ಬರು ಕಡಿಮೆ ಮಾಡಿ ಅಂತ ಹೇಳುವುದು. ಉಳಿದವರೆಲ್ಲ ಇನ್ನೂ ಸ್ವಲ್ಪ ಜಾಸ್ತಿ ಕೊಡಿ ಅಂತಲೇ ಕೇಳುವುದು." ಅವರ ಮಾತು ಸತ್ಯ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ, ಒಂದು ಸಂಜೆ ಹೋಂವರ್ಕ್ ಬಾರದಿದ್ದರೆ "ಇವತ್ತು ಏನೂ ಇಲ್ಲವಾ?" ಎಂಬ ಸಂದೇಶಗಳು ಸಾಲುಸಾಲಾಗಿ ಬೀಳುತ್ತಿದ್ದವು. ವರ್ಷಕ್ಕೆ ದೊಡ್ಡ ಮೊತ್ತದ ಶುಲ್ಕ ಕಟ್ಟಿದ ತಂದೆ ತಾಯಿಗೆ ತರಗತಿಯೊಳಗೆ ಏನು ನಡೆಯುತ್ತದೆಂದು ಕಾಣುವುದಿಲ್ಲ. ಕಾಣುವುದು ನೋಟ್‌ಬುಕ್ ಮಾತ್ರ. ತುಂಬಿದ ಪುಟ, ಅದರ ಕೆಳಗೆ ಕೆಂಪು ಶಾಯಿಯ ಸಹಿ, ಒಂದು ನಕ್ಷತ್ರ ಇವಿಷ್ಟು ಇದ್ದರೆ ಹಣ ವ್ಯರ್ಥವಾಗಲಿಲ್ಲ ಎಂಬ ಸಮಾಧಾನ. ಹಾಡು, ಕಥೆ, ಮಣಿ ಎಣಿಸುವುದು, ಗುಂಪಿನಲ್ಲಿ ಮಾತಾಡುವುದು ಇವು ಯಾವುವೂ ಪುಟದ ಮೇಲೆ ಉಳಿಯುವುದಿಲ್ಲವಾದ್ದರಿಂದ ಅವುಗಳಿಗೆ ಬೆಲೆಯೂ ಇಲ್ಲ. ಪಕ್ಕದ ಶಾಲೆಯ ಮಗು ಎರಡು ಪುಟ ಬರೆಯುತ್ತದೆಂದು ಗೊತ್ತಾದರೆ ನಮ್ಮ ಶಾಲೆ ಎರಡೂವರೆ ಪುಟ ಬರೆಸಬೇಕಾಗುತ್ತದೆ. ಉಡುಪಿ, ಮಣಿಪಾಲ, ಮಂಗಳೂರಿನಂತಹ ಊರುಗಳಲ್ಲಿ ಖಾಸಗಿ ಶಾಲೆಗಳು ಹತ್ತಿರ ಹತ್ತಿರ ಇರುವುದರಿಂದ ಈ ಪೈಪೋಟಿ ಇನ್ನಷ್ಟು ಬಿಗಿ.

ಇನ್ನು, ಬರೆಸುವುದೇನನ್ನು ಎಂದು ನೋಡೋಣ. ಜೂನ್‌ನಿಂದ ದಸರಾ ರಜೆಯವರೆಗೆ ಬಂದ ಹೋಂವರ್ಕಿನಲ್ಲಿ ಬಹುಪಾಲು ನಕಲು ಬರೆಹ. ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕ, ಕನ್ನಡಕ್ಕೆ ಎರಡು ಗೆರೆಯದು, ಲೆಕ್ಕಕ್ಕೆ ಚೌಕದ ಪುಸ್ತಕ. ಪುಟದ ಮೇಲ್ಭಾಗದಲ್ಲಿ ಟೀಚರ್ ಒಂದು ಪದವನ್ನು ಬರೆದಿರುತ್ತಾರೆ. ಮಗು ಅದನ್ನು ಪುಟದ ತಳದವರೆಗೆ ಇಳಿಸಬೇಕು. ಒಂದು ಸಂಜೆ ಮಗಳ ಹಿಂದೆ ನಿಂತು ಅವಳು ಬರೆಯುವ ಬಗೆಯನ್ನು ಗಮನಿಸಿದೆ. ಬರೆಯಬೇಕಾಗಿದ್ದ ಪದ "ಕಮಲ". ಅವಳು ಮೊದಲು ಎಲ್ಲ ಗೆರೆಗಳಲ್ಲೂ ಮೇಲಿನಿಂದ ಕೆಳಕ್ಕೆ "ಕ" ಬರೆದಳು. ಮತ್ತೆ ಮೇಲಕ್ಕೆ ಹೋಗಿ ಪ್ರತಿ "ಕ"ದ ಪಕ್ಕದಲ್ಲಿ "ಮ" ಇಳಿಸಿದಳು. ಮೂರನೇ ಸುತ್ತಿನಲ್ಲಿ "ಲ". ಇಂಗ್ಲಿಷ್ ಪುಸ್ತಕದಲ್ಲಿ "ಬಿ" ಅಕ್ಷರವನ್ನಂತೂ ಮೊದಲು ಕಡ್ಡಿಗಳನ್ನೆಲ್ಲ ಎಳೆದು, ಆಮೇಲೆ ಹೊಟ್ಟೆಗಳನ್ನು ಸೇರಿಸುತ್ತಿದ್ದಳು. ಪುಟ ಅಂದವಾಗಿ ತುಂಬಿತು, ಮರುದಿನ ನಕ್ಷತ್ರವೂ ಬಂತು. ಆದರೆ ಆ ಮೂರು ಸುತ್ತುಗಳಲ್ಲಿ ಒಮ್ಮೆಯಾದರೂ ಅವಳು "ಕಮಲ" ಎಂಬ ಪದವನ್ನು ಬರೆಯಲಿಲ್ಲ, ಓದಲಿಲ್ಲ, ಅದೊಂದು ಹೂವು ಎಂದು ನೆನೆಯಲೂ ಇಲ್ಲ. ಬೇಗ ಮುಗಿಸುವ ದಾರಿಯನ್ನು ಕಂಡುಕೊಂಡದ್ದು ಅವಳ ಜಾಣತನ, ಅದನ್ನು ನಾನು ಮೆಚ್ಚುತ್ತೇನೆ. ಅವಳ ಗೆಳತಿಯರೂ ಹೀಗೆಯೇ ಬರೆಯುತ್ತಾರೆಂದು ಮತ್ತೆ ತಿಳಿಯಿತು. ನಕಲು ಬರೆಹವು ಮಗುವಿಗೆ ಓದು ಕಲಿಸುತ್ತದೆ ಎಂದು ಭಾವಿಸಿರುವವರು ಒಂದು ಸಂಜೆ ಹೀಗೆ ಹಿಂದೆ ನಿಂತು ನೋಡಬೇಕೆಂದು ನನ್ನ ವಿನಂತಿ.

ಕೈಯ ವಿಚಾರವೂ ಇದೆ. ಹುಟ್ಟುವಾಗ ಮಣಿಕಟ್ಟಿನ ಎಂಟು ಎಲುಬುಗಳು ಇನ್ನೂ ಮೃದ್ವಸ್ಥಿಯಾಗಿಯೇ ಇದ್ದು, ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಆರನೆಯ ವಯಸ್ಸಿಗೆ ಆ ಕೆಲಸ ಮುಗಿದಿರುವುದಿಲ್ಲ. ಪೆನ್ಸಿಲನ್ನು ಮೂರು ಬೆರಳುಗಳ ನಡುವೆ ಸಲೀಸಾಗಿ ಆಡಿಸುವ ಹಿಡಿತವೂ ಈ ವಯಸ್ಸಿನಲ್ಲಿ ಇನ್ನೂ ಪಳಗುತ್ತಿರುತ್ತದೆ. ಶಾಲೆಯಲ್ಲಿ ಹಗಲೆಲ್ಲ ಬರೆದು ಬಂದ ಮಗು ಸಂಜೆ ಮತ್ತೆ ಪೆನ್ಸಿಲ್ ಹಿಡಿದರೆ ಅದನ್ನು ಮುಷ್ಟಿಯಲ್ಲಿ ಬಿಗಿದು ಒತ್ತಿ ಬರೆಯುತ್ತದೆ, ಮೊನೆ ಮುರಿಯುತ್ತದೆ, ಗೆರೆ ಹಿಂಬದಿಯ ಪುಟದಲ್ಲೂ ಮೂಡುತ್ತದೆ. ಬೆರಳಿಗೆ ಬಲ ಬರಬೇಕಾದರೆ ಚಪಾತಿ ಹಿಟ್ಟು ನಾದುವುದು, ಬಟಾಣಿ ಸುಲಿಯುವುದು, ಮಲ್ಲಿಗೆ ಕಟ್ಟುವುದು, ಮರಳಿನಲ್ಲಿ ಬರೆಯುವುದು ಪುಟ ತುಂಬಿಸುವುದಕ್ಕಿಂತ ಎಷ್ಟೋ ಮೇಲು. ಕೊಲ್ಲೂರಿನಲ್ಲಿ ವಿಜಯದಶಮಿಯಂದು ಮಕ್ಕಳಿಗೆ ಅಕ್ಕಿಯ ಮೇಲೆ ಬೆರಳಿನಿಂದ ಮೊದಲ ಅಕ್ಷರ ಬರೆಸುತ್ತಾರಲ್ಲ, ಆ ಪದ್ಧತಿಯನ್ನು ಮಾಡಿದವರಿಗೆ ಮಗುವಿನ ಕೈಯ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ವಯಸ್ಸಿನ ಪ್ರಶ್ನೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದನೆಯ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರವು 2022ರಲ್ಲಿ ಆದೇಶಿಸಿತ್ತು. ಅದು ಜಾರಿಗೆ ಬರಬೇಕಾಗಿದ್ದ 2025–26ರಲ್ಲಿ ಪೋಷಕರ ಒತ್ತಾಯದಿಂದಾಗಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಹಾಗಾಗಿ ಆ ವರ್ಷ ಸೇರಿದವರಲ್ಲಿ ಒಂದೇ ಬೆಂಚಿನಲ್ಲಿ ಐದೂವರೆ ವರ್ಷದ ಮಗುವೂ ಆರೂವರೆ ವರ್ಷದ ಮಗುವೂ ಕುಳಿತಿರಬಹುದು. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಬಹಳ ದೊಡ್ಡ ಅಂತರ. ಇಬ್ಬರಿಗೂ ಒಂದೇ ಹೋಂವರ್ಕ್ ಕೊಟ್ಟರೆ ಚಿಕ್ಕದಕ್ಕೆ ಕಣ್ಣೀರು ಖಂಡಿತ.

ಓದಿನ ವಿಷಯಕ್ಕೆ ಬಂದರೆ ನಮ್ಮ ಕರಾವಳಿಯ ಮಕ್ಕಳ ಸ್ಥಿತಿ ವಿಶೇಷವಾದದ್ದು. ನಮ್ಮ ಮನೆಯ ಮಾತು ತುಳು. ಅವಳ ತರಗತಿಯಲ್ಲಿ ಕೊಂಕಣಿ ಮನೆಮಾತಿನವರು, ಬ್ಯಾರಿ ಮಾತಾಡುವವರು, ಕುಂದಾಪುರ ಕನ್ನಡದವರು, ಉತ್ತರ ಭಾರತದಿಂದ ಮಣಿಪಾಲಕ್ಕೆ ಬಂದ ಮನೆಗಳ ಮಕ್ಕಳು ಎಲ್ಲರೂ ಇದ್ದಾರೆ. ಪಾಠ ಇಂಗ್ಲಿಷಿನಲ್ಲಿ, ಕನ್ನಡ ಒಂದು ವಿಷಯ. ಕನ್ನಡ ಭಾಷಾ ಕಲಿಕಾ ಅಧಿನಿಯಮ 2015ರ ಪ್ರಕಾರ ಎಲ್ಲ ಶಾಲೆಗಳೂ ಕನ್ನಡವನ್ನು ಕಲಿಸಲೇಬೇಕು, ಅದು ಒಳ್ಳೆಯದೇ. ಆದರೆ ಮನೆಯಲ್ಲಿ ಒಂದು, ತರಗತಿಯಲ್ಲಿ ಇನ್ನೊಂದು, ಅಕ್ಷರಮಾಲೆಗಳು ಎರಡು ಎಂಬ ಸ್ಥಿತಿಯಲ್ಲಿರುವ ಮಗುವಿಗೆ ಮೊದಲು ಬೇಕಾದದ್ದು ಆ ಭಾಷೆಗಳ ಮಾತು ಕಿವಿಗೆ ಬೀಳುವುದು. ಕೇಳಿ, ಆಡಿ, ಅರ್ಥ ಮಾಡಿಕೊಂಡ ಪದವನ್ನು ಓದುವುದು ಸುಲಭ. ಕೇಳದ ಪದವನ್ನು ಮಗು ಬಾಯಿಪಾಠ ಮಾಡುತ್ತದೆ.

ಈ ಬಾಯಿಪಾಠವೇ ಓದಿನ ವೇಷದಲ್ಲಿ ನಮ್ಮನ್ನು ಏಮಾರಿಸುತ್ತದೆ. ಅಕ್ಟೋಬರಿನ ಹೊತ್ತಿಗೆ ಮಗಳು ಇಂಗ್ಲಿಷ್ ಪಠ್ಯದ ಪುಟವೊಂದನ್ನು ತಡವರಿಸದೆ ಹೇಳುತ್ತಿದ್ದಳು. ಬೆರಳು ಒಂದು ಪದದ ಮೇಲೆ, ಬಾಯಿ ಇನ್ನೊಂದರ ಮೇಲೆ ಇರುವುದು ನನ್ನ ಗಮನಕ್ಕೆ ಬಂತು. ಅದೇ ಪದಗಳನ್ನು ಬೇರೆ ಕ್ರಮದಲ್ಲಿ ಒಂದು ಚೀಟಿಯಲ್ಲಿ ಬರೆದು ಕೊಟ್ಟಾಗ ಅವಳು ನಿಂತೇಬಿಟ್ಟಳು. "ಮ್ಯಾಟ್ ಅಂದ್ರೆ ಎಂತ?" ಎಂದು ಕೇಳಿದರೆ "ಕ್ಯಾಟ್ ಕೂತ್ಕೊಳ್ಳುವುದು" ಎಂದಳು, ತಾನು ಕುಳಿತಿದ್ದುದೇ ಅದರ ಮೇಲೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಚಿಕ್ಕ ಮಕ್ಕಳಿಗೆ ಮೂಲಭೂತ ಓದು, ಲೆಕ್ಕ ಬರಬೇಕೆಂದು ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಗಳನ್ನು ಓದಿದಾಗ ಇದರ ಮಹತ್ವ ನನಗೆ ಇನ್ನಷ್ಟು ಮನದಟ್ಟಾಯಿತು. ಒಂದನೇ ತರಗತಿಯ ಕೊನೆಗೆ ಮಗುವಿನಿಂದ ಅದು ನಿರೀಕ್ಷಿಸುವುದು ಇಷ್ಟೇ: ನಾಲ್ಕೈದು ಸರಳ ಪದಗಳಿರುವ ಚಿಕ್ಕ ವಾಕ್ಯಗಳನ್ನು ಓದಬೇಕು, 99ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು, ಸರಳ ಕೂಡುವ, ಕಳೆಯುವ ಲೆಕ್ಕ ಬರಬೇಕು. ಆದರೆ ಓದಬೇಕಾದ ಆ ವಾಕ್ಯಗಳು ಮಗು ಹಿಂದೆ ನೋಡಿರದ ಪಠ್ಯದ್ದಾಗಿರಬೇಕು ಎಂಬ ಷರತ್ತು ಅಲ್ಲಿದೆ. ಗುರಿ ಸಣ್ಣದಾಗಿ ಕಂಡರೂ ಆ ಷರತ್ತು ಬಹಳ ದೊಡ್ಡದು. ಹೋಂವರ್ಕಿನ ಪುಸ್ತಕ ಎಷ್ಟೇ ದಪ್ಪವಾಗಿದ್ದರೂ ಅದರಲ್ಲಿ ಮಗು ಹಿಂದೆ ನೋಡಿರದ ವಾಕ್ಯ ಒಂದೂ ಇರುವುದಿಲ್ಲ.

ಕನ್ನಡದ ಮಟ್ಟಿಗೆ ನಮ್ಮ ಸರ್ಕಾರಿ ಶಾಲೆಗಳಿಂದ ಖಾಸಗಿ ಶಾಲೆಗಳು ಕಲಿಯಬೇಕಾದದ್ದು ಸಾಕಷ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾಗಿ ಮತ್ತೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ–ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ "ಅ ಆ ಇ ಈ" ಎಂದು ಶುರುವಾಗುವುದಿಲ್ಲ. "ರ ಗ ಸ ದ ಅ" ಎಂದು ಶುರುವಾಗುತ್ತದೆ. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಗರಗಸ ಎಂದು ಅದೇ ವಾರ ಪದಗಳನ್ನು ಓದಬಲ್ಲದು. ಖಾಸಗಿ ಶಾಲೆಯಲ್ಲಿ ನನ್ನ ಮಗಳು ಸ್ವರಗಳನ್ನು ಸಾಲಾಗಿ ತಿದ್ದಿ, ಕ ಖ ಗ ಘ ಙ ದಾಟಿ, ಪದವೊಂದನ್ನು ಸ್ವತಃ ಓದುವ ಹೊತ್ತಿಗೆ ಮಳೆಗಾಲವೇ ಕಳೆದಿತ್ತು. "ಙ" ಮತ್ತು "ಞ"ಗಳನ್ನು ಪುಟಗಟ್ಟಲೆ ಬರೆಸಿದ ಶ್ರಮದಿಂದ ಅವಳು ಓದಿದ ಪದ ಯಾವುದು? ಮನೆಯಲ್ಲಿ ನಾನು ನಲಿ–ಕಲಿಯ ಕ್ರಮವನ್ನೇ ಹಿಡಿದೆ. ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ಅಕ್ಷರ ಬರೆದು, ನೆಲದ ಮೇಲೆ ಹರಡಿ ಕೂತರೆ "ಗರಗಸ" ಕಟ್ಟುವಾಗ "ಗ" ಎರಡು ಬೇಕು ಎಂದು ಅವಳೇ ಕೂಗಿದಳು. ಬಸ್ಸಿನ ಬೋರ್ಡಿನಲ್ಲಿ "ಮಲ್ಪೆ" ಎಂದು ಓದಿದ ದಿನ ಒತ್ತಕ್ಷರವನ್ನು ಇನ್ನೂ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ.

ಲೆಕ್ಕಕ್ಕೆ ನಮ್ಮ ತುಳುನಾಡಿನಲ್ಲಿ ಚೆನ್ನೆಮಣೆಯಿದೆ. ಜುಲೈ ತಿಂಗಳಲ್ಲಿ ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರಿದಾಗ, ವಾಟ್ಸಾಪ್ ಗುಂಪಿನಲ್ಲಿ ರಜೆಯ ಹೋಂವರ್ಕ್ ಬಂತು: ಒಂದರಿಂದ ನೂರರವರೆಗೆ ಮೂರು ಸಲ ಬರೆಯಿರಿ. ಮಳೆಗಾಲದಲ್ಲಿ ಬರುವ ತುಳುವರ ಆಟಿ ತಿಂಗಳಿನಲ್ಲಿ ಚೆನ್ನೆ ಆಡುವುದು ಇಲ್ಲಿಯ ವಾಡಿಕೆ. ಅಜ್ಜಿ ಅಟ್ಟದಿಂದ ಮಣೆಯನ್ನು ಇಳಿಸಿದರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜ. ಒಂದು ಗುಳಿಯ ಬೀಜಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗಬೇಕು. ಮೊದಲ ದಿನ ಮಗಳು ಬೀಜಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಗುಳಿಯತ್ತ ನೋಡಿದ ಕೂಡಲೇ "ಐದಿದೆ, ಅಲ್ಲಿಗೆ ಮುಟ್ಟುವುದಿಲ್ಲ" ಎನ್ನತೊಡಗಿದಳು. ಎಣಿಸದೆಯೇ ನಾಲ್ಕನ್ನು ನಾಲ್ಕೆಂದು ಗುರುತಿಸುವುದು, ಹಂಚುವುದಕ್ಕಿಂತ ಮೊದಲೇ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವುದು, ಗೆದ್ದ ಬೀಜಗಳನ್ನು ಹತ್ತರ ಗುಡ್ಡೆ ಮಾಡಿ ಎಣಿಸುವುದು ಇವೆಲ್ಲ ಗಣಿತದ ಅಡಿಪಾಯದ ಕೆಲಸಗಳು. ಒಂದರಿಂದ ನೂರರವರೆಗೆ ಬರೆಯುವಾಗ ಅವಳು ಮಾಡುತ್ತಿದ್ದುದು, "ಕಮಲ"ದ ಹಾಗೆಯೇ, ಮೊದಲು ಹತ್ತರ ಸ್ಥಾನದ ಅಂಕಿಗಳನ್ನು ಸಾಲಾಗಿ ಇಳಿಸಿ ಪಕ್ಕದಲ್ಲಿ ಸೊನ್ನೆಯಿಂದ ಒಂಬತ್ತು ತುಂಬಿಸುವ ಕೆಲಸ. ರಜೆ ಮುಗಿದು ಹೋದಾಗ ಡೈರಿಯಲ್ಲಿ ಒಂದು ಚೀಟಿ ಇಟ್ಟೆ: "ನೂರರವರೆಗೆ ಒಂದು ಸಲ ಬರೆದಿದ್ದಾಳೆ. ಉಳಿದ ಹೊತ್ತು ಚೆನ್ನೆ ಆಡಿ 56 ಬೀಜಗಳನ್ನು ಎಣಿಸಿ ಹಂಚಿದ್ದಾಳೆ." ಟೀಚರ್ ಅದಕ್ಕೆ ಸಹಿ ಹಾಕಿದ್ದಲ್ಲದೆ, ಯಾರ ಯಾರ ಮನೆಯಲ್ಲಿ ಚೆನ್ನೆಮಣೆ ಇದೆಯೆಂದು ತರಗತಿಯಲ್ಲಿ ಕೇಳಿದರಂತೆ.

ಈ ಹೋಂವರ್ಕಿನಿಂದ ಅತಿ ಹೆಚ್ಚು ಕಷ್ಟಪಡುವವರು ಯಾರೆಂಬುದನ್ನು ಹೇಳದೆ ಈ ಬರೆಹವನ್ನು ಮುಗಿಸುವಂತಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ, ಸಂಜೆ ಮಗುವಿನ ಪಕ್ಕದಲ್ಲಿ ಕೂರಲು ಸಮಯವಿದೆ. ನಮ್ಮ ಓಣಿಯಲ್ಲಿಯೇ ಬೀಡಿ ಕಟ್ಟುವ ತಾಯಿಯೊಬ್ಬರು ತಮ್ಮ ಮಗನನ್ನು ಅದೇ ಶಾಲೆಗೆ ಸೇರಿಸಿದ್ದಾರೆ. ಗಂಡ ಕೊಲ್ಲಿ ದೇಶದಲ್ಲಿ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಇಂಗ್ಲಿಷಿನಲ್ಲಿ ಬರುವ ಡೈರಿಯ ಸೂಚನೆ ಅವರಿಗೆ ಅರ್ಥವಾಗುವುದಿಲ್ಲವೆಂದು, ಆರು ವರ್ಷದ ಹುಡುಗನನ್ನು ಐದರಿಂದ ಏಳರವರೆಗೆ ಟ್ಯೂಷನ್ನಿಗೆ ಕಳಿಸುತ್ತಾರೆ. ಅಲ್ಲಿ ನಡೆಯುವುದು ಮರುದಿನದ ನೋಟ್‌ಬುಕ್ ತುಂಬಿಸುವ ಕೆಲಸವಷ್ಟೇ. ಬೆಳಗ್ಗೆ ಎಂಟಕ್ಕೆ ವ್ಯಾನು ಹತ್ತಿದ ಮಗು ಮನೆಗೆ ಬಂದು ಕಾಲು ಚಾಚುವುದು ರಾತ್ರಿಯಾದ ಮೇಲೆ. ಆ ತಾಯಿ ಬೀಡಿ ಕಟ್ಟುತ್ತಾ ಹೇಳಬಲ್ಲ ಕಥೆಗಳು, ತುಳುವಿನ ಒಗಟುಗಳು, ಒಂದು ಕಟ್ಟಿನಲ್ಲಿ ಎಷ್ಟು ಬೀಡಿ ಎಂಬ ಬಾಯಿಲೆಕ್ಕ ಈ ಯಾವುದನ್ನೂ ಶಾಲೆ ಅವರಿಂದ ಕೇಳುವುದಿಲ್ಲ. "ನನಗೆ ಎಂತ ಗೊತ್ತುಂಟು, ಅಕ್ಕ, ಅವನಿಗೆ ಹೇಳಿಕೊಡಲಿಕ್ಕೆ?" ಎಂದು ಅವರು ನನ್ನಲ್ಲಿ ಕೇಳಿದಾಗ ನನಗೆ ನಿಜವಾಗಿಯೂ ನೋವಾಯಿತು. ತನ್ನ ಮಗುವಿಗೆ ಕಲಿಸುವ ಯೋಗ್ಯತೆ ತನಗಿಲ್ಲವೆಂದು ತಾಯಿಯೊಬ್ಬಳಿಗೆ ಅನಿಸುವಂತೆ ಮಾಡುವ ಹೋಂವರ್ಕನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ.

ನಮ್ಮ ಮನೆಯಲ್ಲಿ ಸಂಜೆಯ ಕ್ರಮ ಹೀಗಿತ್ತು. ಬಂದ ಕೂಡಲೇ ತಿಂಡಿ, ಮತ್ತೆ ಅಂಗಳದಲ್ಲಿ ಅಥವಾ ಅಜ್ಜರಕಾಡಿನ ಪಾರ್ಕಿನಲ್ಲಿ ಆಟ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ "ಇನಿ ಶಾಲೆಡ್ ದಾದ ಆಂಡ್?" (ಇವತ್ತು ಶಾಲೆಯಲ್ಲಿ ಏನಾಯಿತು?) ಎಂದು ಕೇಳುತ್ತಾರೆ, ಅವಳು ತುಳುವಿನಲ್ಲಿ ಎಲ್ಲವನ್ನೂ ವರದಿ ಮಾಡುತ್ತಾಳೆ, ಇಂಗ್ಲಿಷಿನಲ್ಲಿ ಕೇಳಿದ ಪಾಠವನ್ನು ತುಳುವಿನಲ್ಲಿ ಹೇಳಲು ಬಂದರೆ ಅದು ಅರ್ಥವಾಗಿದೆ ಎಂದೇ ಲೆಕ್ಕ. ಊಟವಾದ ಮೇಲೆ ನಾನು ಒಂದು ಕಥೆಯನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಗಟ್ಟಿಯಾಗಿ ಓದುತ್ತೇನೆ. ಶಾಲೆಯ ಬರೆಹಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಮುಗಿದಷ್ಟು ಮುಗಿಯಿತು, ಉಳಿದದ್ದರ ಬಗ್ಗೆ ಡೈರಿಯಲ್ಲಿ ಒಂದು ಸಾಲು ನಾನು ಬರೆಯುತ್ತೇನೆ.

ಈ ಜೂನಿನಲ್ಲಿ ಮಕ್ಕಳನ್ನು ಸೇರಿಸುವವರು ಮೊದಲ ಸಭೆಯಲ್ಲಿ ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಳ್ಳಬೇಕು. ಹೋಂವರ್ಕ್ ಅಪೂರ್ಣವಾದರೆ ಮಗುವನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆಯೇ? ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ತರಗತಿಯಲ್ಲಿ ದಿನವೂ ಕಥೆ ಓದಿ ಹೇಳುವ ಅವಧಿ ಇದೆಯೇ? ಡೈರಿಯ ಸೂಚನೆಯನ್ನು ಕನ್ನಡದಲ್ಲಿಯೂ ಬರೆಯಬಹುದೇ? ಇವುಗಳನ್ನು ಒಬ್ಬರೇ ಕೇಳಿದರೆ ಅದು ಒಬ್ಬ ಪೋಷಕರ ತಕರಾರಾಗಿ ಉಳಿಯುತ್ತದೆ. ನಮ್ಮ ತರಗತಿಯಲ್ಲಿ ದೀಪಾವಳಿಯ ನಂತರ ಐದಾರು ಮಂದಿ ಸೇರಿ, ಬೀಡಿ ಕಟ್ಟುವ ಆ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಮಾತಾಡಿದೆವು. ನಕಲು ಬರೆಹ ಪೂರ್ತಿಯಾಗಿ ನಿಲ್ಲಲಿಲ್ಲ, ವಾರಕ್ಕೆ ಎರಡು ದಿನಕ್ಕೆ ಇಳಿಯಿತು. ಡೈರಿಯ ಸೂಚನೆ ಎರಡೂ ಭಾಷೆಗಳಲ್ಲಿ ಬರತೊಡಗಿತು. ಸೋಮವಾರ ಬೆಳಗ್ಗೆ ಮೊದಲ ಅವಧಿಯಲ್ಲಿ ಮಕ್ಕಳು ಭಾನುವಾರ ಏನು ಮಾಡಿದರೆಂದು ಹೇಳುವ ಪಾಠ ಸೇರಿತು. ಎರಡನೇ ತರಗತಿಗೂ ಇದೇ ಕ್ರಮ ಮುಂದುವರಿಯಬೇಕೆಂದು ಶಾಲೆ ತೆರೆಯುವ ಮೊದಲೇ ಮನವಿ ಕೊಡಲಿದ್ದೇವೆ.